ಆರೋಪಿತ ಸೈನಿಕನ ಪರವಾಗಿ ಒಂದು ಮಾತು

ಗೃಹಸ್ಥನ ಅಹಿಂಸೆಯನ್ನು ವಿವರಿಸುವಾಗ ನಮ್ಮವರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಬುದ್ಧಿಪೂರ್ವಕವಾದ ಸಂಕಲ್ಪೀ ಹಿಂಸೆ ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ಆದರೆ ದೇಶದ ಹಾಗೂ ಆಶ್ರಿತರ ರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯನ್ನು ಆತ ಪೂರ್ಣವಾಗಿ ಬಿಡಲಾರ. ಗಂಗರ ಸೇನಾನಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ್ದೂ, ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ದಂಡನಾಯಕ ಬಂಕೇಶನು ಜಿನಾಲಯಕ್ಕೆ ದಾನ ಮಾಡಿಸಿದ್ದೂ ಈ ವಿವೇಕದ ನೆಲೆಯಲ್ಲಿಯೇ. ಖಡ್ಗ ಹಿಡಿದವನು ಧರ್ಮದಿಂದ ಹೊರಗಿನವನಲ್ಲ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಖಡ್ಗಧಾರಿಯೇ ಅಪರಾಧದ ಆರೋಪ ಹೊತ್ತು ನಿಂತಾಗ ನಮ್ಮ ಕರ್ತವ್ಯವೇನು?

ಈ ಪ್ರಶ್ನೆ ನನ್ನ ಪಾಲಿಗೆ ಗ್ರಂಥದಿಂದ ಬಂದುದಲ್ಲ. 1998ರ ಬೇಸಿಗೆಯಲ್ಲಿ ನೆಹರು ಗಂಜಿನ ನಮ್ಮ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯ ಗುಮಾಸ್ತರು ಒಂದು ಪತ್ರ ಹಿಡಿದು ನನ್ನ ಗಾದಿಯ ಬಳಿ ಬಂದರು. “ಸಾವಕಾರ್ರೇ, ಮಿಲ್ಟ್ರಿಯಿಂದ ಮಗನ ಪತ್ರ ಬಂದದ. ಏನ್ ಮಾಡಬೇಕೋ ತಿಳೀವಲ್ದು” ಎಂದರು. ಕಾವಲಿನ ಸ್ಥಳ ಬಿಟ್ಟು ಹೋದನೆಂದೂ, ಮೇಲಿನವರಿಗೆ ಎದುರಾಡಿದನೆಂದೂ ಹುಡುಗನ ಮೇಲೆ ಆರೋಪ ಬಂದಿತ್ತು. ವಿಚಾರಣೆಗೆ ನೆರವಾಗುವವರನ್ನು ಕರೆತರಬಹುದಂತೆ. ಯಾರನ್ನು ಕರೆಯಲಿ, ಹಣವೆಲ್ಲಿಂದ ತರಲಿ ಎಂದು ಆತ ಬರೆದಿದ್ದ.

ನಾನು ವಿಷಯವನ್ನು ನಮ್ಮ ಟ್ರಸ್ಟಿನ ಹಿರಿಯರೊಬ್ಬರ ಮುಂದಿಟ್ಟೆ. ಅಪರಾಧಿಯ ಪರವಾಗಿ ಹಣ ಕೊಟ್ಟರೆ ಅಪರಾಧವನ್ನು ಅನುಮೋದಿಸಿದಂತಾಗುತ್ತದೆ. ಕೃತ, ಕಾರಿತ, ಅನುಮೋದಿತ ಮೂರಕ್ಕೂ ಬಂಧವಿದೆಯಲ್ಲವೇ ಎಂದರು. ನನಗೆ ಆ ಮಾತು ಅನುಕೂಲವಾಗಿಯೇ ಕಂಡಿತು. “ತಪ್ಪಿಲ್ಲದಿದ್ದರೆ ತಾನೇ ಬಿಡುಗಡೆಯಾಗುತ್ತಾನೆ” ಎಂದು ಗುಮಾಸ್ತರಿಗೆ ಸಮಾಧಾನ ಹೇಳಿ ಕಳುಹಿಸಿದೆ. ಅದೇ ವರ್ಷ ಮಾರಾಟ ತೆರಿಗೆಯ ಲೆಕ್ಕದಲ್ಲಿ ಕೆಲವು ಸಾವಿರ ರೂಪಾಯಿಗಳ ತಕರಾರು ಬಂದಾಗ ನಾನು ಇಬ್ಬರು ವಕೀಲರನ್ನು ನೇಮಿಸಿಕೊಂಡಿದ್ದೆ. ‘ತಪ್ಪಿಲ್ಲದಿದ್ದರೆ ತಾನೇ ಬಿಡುಗಡೆ’ ಎಂಬ ಸೂತ್ರ ನನಗೆ ಆಗ ಹೊಳೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹುಡುಗನು ಸೇವೆಯಿಂದ ವಜಾಗೊಂಡು ಊರಿಗೆ ಬಂದ. ಆತ ತಪ್ಪಿತಸ್ಥನಾಗಿದ್ದನೇ ಇಲ್ಲವೇ, ಇಂದಿಗೂ ನಾನರಿಯೆ. ಆತನ ಪರವಾಗಿ ಯಾರೂ ಏನನ್ನೂ ಕೇಳಲಿಲ್ಲವೆಂಬುದನ್ನು ಮಾತ್ರ ಬಲ್ಲೆ.

ಅನಂತರ ನಾನು ಭೂಸೇನಾ ಅಧಿನಿಯಮವನ್ನು ತರಿಸಿ ಓದಿದೆ. ಸಂವಿಧಾನದ 33ನೆಯ ಅನುಚ್ಛೇದವು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಆ ಅಧಿನಿಯಮದಲ್ಲಿ ನಾಲ್ಕು ಬಗೆಯ ಸೇನಾ ನ್ಯಾಯಾಲಯಗಳಿವೆ. ದೊಡ್ಡ ವಿಚಾರಣೆಗಳಲ್ಲಿ ಆರೋಪಿಯ ಪರವಾಗಿ ಸೇನಾಧಿಕಾರಿಯೊಬ್ಬರು ಅಥವಾ ವಕೀಲರು ವಾದಿಸಬಹುದು. ಸಿದ್ಧತೆಗೆ ಸಾಮಾನ್ಯವಾಗಿ 96 ಗಂಟೆಗಳಾದರೂ ದೊರೆಯಬೇಕು. ಆದರೆ ಸಾಮಾನ್ಯ ಜವಾನನು ಎದುರಿಸಬೇಕಾದ ಸಂಕ್ಷಿಪ್ತ ಸೇನಾ ನ್ಯಾಯಾಲಯದಲ್ಲಿ ದಳದ ಕಮಾಂಡಿಂಗ್ ಅಧಿಕಾರಿಯೊಬ್ಬನೇ ನ್ಯಾಯಾಲಯ. ಜೊತೆಗೆ ಕುಳಿತಿರುವ ಇಬ್ಬರಿಗೆ ತೀರ್ಪಿನಲ್ಲಿ ಪಾಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕೂ ಮೇಲಿನ ದರ್ಜೆಯವನಾಗಿದ್ದರೆ ಆತನು ಒಂದು ವರ್ಷದವರೆಗೆ ಕಾರಾಗೃಹವಾಸ ವಿಧಿಸಬಹುದು, ವಜಾ ಮಾಡಲೂಬಹುದು. ಆರೋಪಿಯು ಸಹಾಯಕನೊಬ್ಬನನ್ನು, ಆತ ವಕೀಲನೇ ಆಗಿರಲಿ, ಪಕ್ಕದಲ್ಲಿ ಇರಿಸಿಕೊಳ್ಳಬಹುದು. ಆದರೆ ಆ ಸಹಾಯಕನು ಸಲಹೆ ಕೊಡಬಹುದೇ ಹೊರತು ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಲಯವನ್ನು ಉದ್ದೇಶಿಸಿ ಮಾತನಾಡುವಂತಿಲ್ಲ. ಸಹಾಯವು ಇಷ್ಟು ಸಣ್ಣದಾಗಿರುವಲ್ಲಿ ಅದನ್ನೂ ನಿರಾಕರಿಸಿದ ನನ್ನ ನಡತೆ ಎಂಥದು?

ಇದರ ಪರಿಣಾಮವೇನಾಗಬಹುದೆಂಬುದಕ್ಕೆ ರಂಜಿತ್ ಠಾಕೂರ್ ಎಂಬ ಸಿಗ್ನಲ್ ಜವಾನನ ಪ್ರಕರಣ ಸಾಕ್ಷಿಯಾಗಿದೆ. ತನ್ನ ಅಧಿಕಾರಿಯ ದುರ್ವರ್ತನೆಯ ಬಗ್ಗೆ ಆತ ನೇರವಾಗಿ ಮೇಲಿನವರಿಗೆ ದೂರು ಬರೆದ; ಕ್ರಮ ಮೀರಿದನೆಂದು ಶಿಕ್ಷೆಯಾಯಿತು. ಶಿಕ್ಷೆಯಲ್ಲಿರುವಾಗಲೇ, 1985ರ ಮೇ ತಿಂಗಳಲ್ಲಿ, ಊಟ ಮಾಡೆಂಬ ಆಜ್ಞೆಯನ್ನು ಪಾಲಿಸಲಿಲ್ಲವೆಂದು ಮತ್ತೆ ಆರೋಪ ಬಂತು. ಯಾರ ಮೇಲೆ ಆತ ದೂರಿದ್ದನೋ ಆ ಅಧಿಕಾರಿಯೇ ಸಂಕ್ಷಿಪ್ತ ಸೇನಾ ನ್ಯಾಯಾಲಯದಲ್ಲಿ ಕುಳಿತಿದ್ದರು. ಒಂದು ವರ್ಷದ ಕಠಿಣ ಶಿಕ್ಷೆ ಹಾಗೂ ವಜಾ ಆಜ್ಞೆಯಾಯಿತು. 1987ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿ, ಆತನನ್ನು ಸೇವೆಗೆ ಮರಳಿ ತೆಗೆದುಕೊಳ್ಳುವಂತೆ ಆದೇಶಿಸಿತು. ಆ ತೀರ್ಪನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ನ್ಯಾಯಾಧೀಶನು ‘ನಾನು ಪಕ್ಷಪಾತಿಯೇ’ ಎಂದು ತನ್ನ ಮನಸ್ಸನ್ನು ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸನ್ನು ನೋಡಬೇಕು ಎಂಬುದು ಅದರ ಸಾರ. ಪರದೃಷ್ಟಿಯಿಂದಲೂ ನೋಡದೆ ವಸ್ತುಸ್ವರೂಪ ತಿಳಿಯದೆಂಬ ಅನೇಕಾಂತವನ್ನು ಅರಿತವರಿಗೆ ಇದು ಅಪರಿಚಿತವಲ್ಲ.

ಈಗ ಅನುಮೋದನೆಯ ಆಕ್ಷೇಪವನ್ನು ಪರಿಶೀಲಿಸೋಣ. ಕೃತ್ಯವನ್ನು ಮೆಚ್ಚುವುದು ಬೇರೆ. ಕೃತ್ಯ ನಡೆಯಿತೇ ಎಂದು ವಿಚಾರಿಸಲು ನೆರವಾಗುವುದು ಬೇರೆ. ನಮ್ಮ ಮುನಿಸಂಘದಲ್ಲಿ ಆಲೋಚನೆಯನ್ನು ಕೇಳಿದ ಬಳಿಕವೇ ಆಚಾರ್ಯರು ಪ್ರಾಯಶ್ಚಿತ್ತ ವಿಧಿಸುತ್ತಾರೆ; ದೋಷ ಒಪ್ಪಿಕೊಂಡವನಿಗೇ ಈ ಕ್ರಮವಿರುವಾಗ ಒಪ್ಪದವನಿಗೆ ಇಲ್ಲವೆನ್ನಬಹುದೇ? ಹಾಗೆಂದು ಪ್ರತಿವಾದಕ್ಕೆ ಮಿತಿಯಿಲ್ಲವೆಂದಲ್ಲ. ಸುಳ್ಳು ಸಾಕ್ಷಿ, ಕೂಟಲೇಖಕ್ರಿಯೆಗಳು ಸತ್ಯಾಣುವ್ರತಕ್ಕೆ ಕಳಂಕ. ಅವುಗಳಿಗೆ ಒಂದು ಕಾಸೂ ಸಲ್ಲದು. ಇನ್ನೂ ಒಂದು ಮಾತು. ಗಡಿಯಲ್ಲಿ ಆತ ನಿಂತಿರುವುದರಿಂದಲೇ ಗಂಜಿನಲ್ಲಿ ನಮ್ಮ ತೊಗರಿಯ ಸವಾಲು ನಿರ್ಭಯವಾಗಿ ನಡೆಯುತ್ತದೆ. ಆತನ ವಿರೋಧೀ ಹಿಂಸೆಯ ಫಲವನ್ನು ಉಂಡಾಗ ಬಾರದ ಅನುಮೋದನೆಯ ಭಯ, ಆತ ಕಟಕಟೆಯಲ್ಲಿ ನಿಂತಾಗ ಮಾತ್ರ ಬಂದರೆ ಅದು ಧರ್ಮಭೀರುತ್ವವಲ್ಲ, ಲೋಭ.

ಶಿಸ್ತಿಲ್ಲದೆ ಸೇನೆಯಿಲ್ಲ, ಅದಕ್ಕೆ ಶೀಘ್ರ ದಂಡನೆ ಬೇಕು ಎಂಬ ವಾದದಲ್ಲಿ ಸತ್ಯವಿದೆ. ಸೈನಿಕನಿಂದ ನಿರಪರಾಧಿ ನಾಗರಿಕನಿಗೆ ಅನ್ಯಾಯವಾದರೆ ನಮ್ಮ ಕರುಣೆ ಮೊದಲು ನೊಂದವನಿಗೆ ಸಲ್ಲಬೇಕು. ಆದರೆ ನೊಂದವನಿಗೂ ಬೇಕಾದುದು ನಿಲ್ಲುವ ತೀರ್ಪು. ಪ್ರತಿವಾದವನ್ನು ಕೇಳದೆ ಬರೆದ ತೀರ್ಪು ಮೇಲಿನ ನ್ಯಾಯಾಲಯದಲ್ಲಿ ಕುಸಿದರೆ ನಿಜವಾದ ಅಪರಾಧಿಯೂ ಪಾರಾಗುತ್ತಾನೆ.

ಸೇನಾ ನ್ಯಾಯಾಲಯದ ತೀರ್ಪಿಗೆ ಒಂದು ಮೇಲ್ಮನವಿಗೂ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ವಿಷಾದಿಸಿತ್ತು. 2007ರ ಅಧಿನಿಯಮದ ಮೇರೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಆರಂಭವಾಯಿತು. ವಜಾ ಅಥವಾ ಮೂರು ತಿಂಗಳಿಗೂ ಮೀರಿದ ಸೆರೆಯಾದಲ್ಲಿ ಸಂಕ್ಷಿಪ್ತ ವಿಚಾರಣೆಯ ತೀರ್ಪನ್ನೂ ಅಲ್ಲಿ ಪ್ರಶ್ನಿಸಬಹುದು. ಆದರೆ ಆಗ ದಕ್ಷಿಣಕ್ಕೆ ಬಂದ ಪೀಠಗಳು ಚೆನ್ನೈ, ಕೊಚ್ಚಿಗಳಲ್ಲಿ. ಕಲಬುರಗಿಯ ಬಡ ತಂದೆಗೆ ಅವು ಬಲು ದೂರ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ನಮ್ಮ ಟ್ರಸ್ಟುಗಳ ಲೆಕ್ಕಪುಸ್ತಕದಲ್ಲಿ ಖಾತೆಗಳಿವೆ. ಅಭಯದಾನಕ್ಕೂ ಒಂದು ಖಾತೆ ತೆರೆಯಬೇಕೆಂದು ನನ್ನ ವಿನಂತಿ. ಜಾತಿ ಕೇಳದೆ, ಆರೋಪದ ಸ್ವರೂಪ ನೋಡಿ ಮುಖ ತಿರುಗಿಸದೆ, ಯೋಗ್ಯ ವಕೀಲರೊಬ್ಬರ ಸಲಹೆ ಹಾಗೂ ದಾರಿಯ ಖರ್ಚು, ಇಷ್ಟು ಒದಗಿಸಿದರೆ ಸಾಕು. ನಮ್ಮ ಗುಮಾಸ್ತರು ಈಗಿಲ್ಲ. ಅಂದು ಅವರು ಪತ್ರವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ಒಂದು ಮಾತೂ ಆಡದೆ ಮತ್ತೆ ಖಾತೆ ಬರೆಯಲು ಕುಳಿತರು. ಆ ದಿನದ ಬಾಕಿ ನನ್ನ ಹೆಸರಿನಲ್ಲಿ ಇನ್ನೂ ಉಳಿದಿದೆ.