ಪ್ರಸಾದದ ಗೋಧಿ, ಒಲ್ಲದ ದೇಹ

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯಕ್ಕೆ ರವೆ, ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಒಂದೂಕಾಲು ಅಳತೆಯ ಲೆಕ್ಕದಲ್ಲಿ ಬೇಕು. ಇವುಗಳಲ್ಲಿ ಮೊದಲ ಮೂರನ್ನು ಕೆಲವರ ದೇಹ ಒಪ್ಪುವುದಿಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಸೀಲಿಯಾಕ್ ಕಾಯಿಲೆಯವರ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಹಾಲಿನ ಪ್ರೋಟೀನಿಗೆ ತೀವ್ರ ಅಲರ್ಜಿ ಇರುವವರಿಗೆ ತುಪ್ಪದಲ್ಲಿ ಉಳಿದ ಅಲ್ಪ ಅಂಶವೂ ಅಪಾಯ ತರಬಹುದು. ಆದರೆ ಅದೇ ಪೂಜೆಯ ಕಥೆಯಲ್ಲಿ ಪ್ರಸಾದ ಬಿಟ್ಟವರು ಸಂಕಟಕ್ಕೆ ಸಿಲುಕುತ್ತಾರೆ. ವಿಧಿ ಹೇಳಿದ ದ್ರವ್ಯವನ್ನು ದೇಹ ತಾಳದಿದ್ದಾಗ ಬೇರೊಂದು ದ್ರವ್ಯಕ್ಕೆ ಎಡೆಯಿದೆಯೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಕಥೆಯ ಭಯವನ್ನು ಮೊದಲು ಸರಿಯಾಗಿ ನೋಡಬೇಕು. ತುಂಗಧ್ವಜ ರಾಜ ಗೊಲ್ಲರು ಕೊಟ್ಟ ಪ್ರಸಾದವನ್ನು ಬಿಟ್ಟು ಹೋದದ್ದು ಗರ್ವದಿಂದ. ಕಲಾವತಿ ಪ್ರಸಾದ ಬಿಟ್ಟು ಓಡಿದ್ದು ಗಂಡನನ್ನು ನೋಡುವ ಆತುರದಲ್ಲಿ. ಎರಡು ಕಡೆಯೂ ತಪ್ಪು ಇರುವುದು ಮನಸ್ಸಿನಲ್ಲಿ, ಹೊಟ್ಟೆಯಲ್ಲಲ್ಲ. ಕಾಯಿಲೆಯ ಮಗುವಿನ ಬಾಯಿಗೆ 'ಒಂದು ಚೂರು ತಿಂದರೆ ಏನೂ ಆಗುವುದಿಲ್ಲ' ಎಂದು ಸಪಾದವನ್ನು ತುರುಕುವುದಕ್ಕೆ ಈ ಕಥೆಯಲ್ಲಿ ಯಾವ ಆಧಾರವೂ ಇಲ್ಲ. ಆಗುತ್ತದೆ, ಹೊರಗೆ ಕಾಣದಿದ್ದರೂ ಕರುಳಿನಲ್ಲಿ ಆಗುತ್ತದೆ.

ಬದಲಿಯ ದಾರಿಯನ್ನು ಪೂಜೆಯ ಪಠ್ಯವೇ ತೋರಿಸಿದೆ. ಗೋಧಿ ಹಿಟ್ಟು ಇಲ್ಲದಿದ್ದರೆ ಅಕ್ಕಿ ಹಿಟ್ಟು, ಸಕ್ಕರೆಯ ಜಾಗದಲ್ಲಿ ಬೆಲ್ಲ ಆಗಬಹುದೆಂದು ಅದು ಹೇಳುತ್ತದೆ. ಇದರ ಹಿಂದೆ ಮೀಮಾಂಸಕರ ದೀರ್ಘ ವಿಚಾರವಿದೆ. ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಪ್ರತಿನಿಧಿ ದ್ರವ್ಯವನ್ನೇ ಚರ್ಚಿಸುತ್ತದೆ. ಯಜ್ಞಕ್ಕೆ ಹೇಳಿದ ಭತ್ತ ಸಿಗದಿದ್ದರೆ ಕಾಡುಭತ್ತವಾದ ನೀವಾರ ಆದೀತು. ಕರ್ಮವನ್ನೇ ಕೈಬಿಡುವುದಕ್ಕಿಂತ ಅದು ಮೇಲು. ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಮಾತ್ರ ಪ್ರತಿನಿಧಿ ಇಲ್ಲ. ಬದಲಿಯಾಗಿ ಬರುವ ವಸ್ತು ಮೂಲಕ್ಕೆ ಆದಷ್ಟು ಹತ್ತಿರದ್ದಾಗಿರಬೇಕು, ನಿಷಿದ್ಧವಾಗಿರಬಾರದು. ಈ ಅಳತೆಗೋಲು ಇಂದಿಗೂ ಕೆಲಸಕ್ಕೆ ಬರುತ್ತದೆ: ಗೋಧಿ ರವೆಯ ಜಾಗಕ್ಕೆ ಅಂಗಡಿಯ ಯಾವುದೋ ಗ್ಲುಟೆನ್‌ರಹಿತ ಮಿಶ್ರಣಕ್ಕಿಂತ ಮನೆಯಲ್ಲಿ ಒಡೆದ ಅಕ್ಕಿ ತರಿ ಹೆಚ್ಚು ಯೋಗ್ಯ.

ಆದರೆ ಶಾಸ್ತ್ರ ಹೇಳುವುದು ಧಾನ್ಯ ಸಿಗದ ಸ್ಥಿತಿಯನ್ನು. ಡಬ್ಬಿಯ ತುಂಬ ರವೆ ಇದ್ದೂ ತಿನ್ನಲಾಗದವರ ಸ್ಥಿತಿಯೂ ಅದಕ್ಕೆ ಸಮವೇ? ಸಮವೆನ್ನಲು ಬಲವಾದ ಕಾರಣವಿದೆ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಹೆಸರಿಸುವ ಪ್ರಸಿದ್ಧ ಶ್ಲೋಕದಲ್ಲಿ ನೀರು, ಹಣ್ಣು, ಗುರುವಿನ ಮಾತುಗಳ ಜೊತೆ ಔಷಧವೂ ಸೇರಿದೆ. ಸೀಲಿಯಾಕ್ ಕಾಯಿಲೆಗೆ ಇಂದು ಇರುವ ಚಿಕಿತ್ಸೆ ಜೀವನಪೂರ್ತಿ ಗ್ಲುಟೆನ್ ಬಿಡುವುದೇ. ಅಂದಮೇಲೆ ಆ ಪಥ್ಯವೇ ಔಷಧ, ಅದನ್ನು ಪಾಲಿಸುವವರು ವ್ರತಭಂಗ ಮಾಡಿದವರಲ್ಲ.

ಇದೇ ಪ್ರಶ್ನೆಗೆ ಕಥೋಲಿಕ ಧರ್ಮಸಭೆ ಬೇರೆ ಉತ್ತರ ಕೊಟ್ಟಿದೆ. ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂದು 1983ರ ಧರ್ಮಸಭಾ ಸಂಹಿತೆಯ 924ನೆಯ ನಿಯಮ ಹೇಳುತ್ತದೆ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಅತ್ಯಲ್ಪ ಇರುವುದು ಸಲ್ಲುತ್ತದೆ ಎಂದು 2003ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು, 2017ರಲ್ಲಿ ಮತ್ತೆ ನೆನಪಿಸಿತು. ಅಮೆರಿಕದ ಮಿಸೌರಿಯ ಕ್ಲೈಡ್‌ನಲ್ಲಿರುವ ಬೆನೆಡಿಕ್ಟೈನ್ ಸನ್ಯಾಸಿನಿಯರು ಶೇ 0.01ಕ್ಕಿಂತ ಕಡಿಮೆ ಗ್ಲುಟೆನ್ ಇರುವ ರೊಟ್ಟಿಯನ್ನು ರೂಪಿಸಿದರು. ಅದೂ ಆಗದವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು. ಎರಡರಲ್ಲಿ ಯಾವುದೊಂದರಲ್ಲೂ ಕ್ರಿಸ್ತನು ಪೂರ್ಣವಾಗಿ ಇದ್ದಾನೆಂಬುದು ಸಭೆಯ ಬೋಧನೆ. ಕ್ರಿಸ್ತನು ಕಡೆಯ ಭೋಜನದಲ್ಲಿ ಮಾಡಿದ್ದನ್ನೇ ಮಾಡಬೇಕೆಂಬ ನಿಷ್ಠೆ ಇಲ್ಲಿ ದ್ರವ್ಯವನ್ನು ಬಿಗಿಯಾಗಿ ಹಿಡಿದಿದೆ. ಆದರೂ ಆ ಬಿಗಿಯೊಳಗೇ ರೋಗಿಗೆ ಬಾಗಿಲು ತೆರೆದಿಟ್ಟಿದೆ ಎಂಬುದು ಗಮನಿಸಬೇಕಾದ ಮಾತು.

ವ್ರತದ ಅಡುಗೆಯಾದರೆ ತೊಂದರೆಯಿಲ್ಲ ಎಂಬ ನಂಬಿಕೆ ಮಾತ್ರ ಅಪಾಯಕಾರಿ. ಏಕಾದಶಿಗೆ ಅನ್ನ ಬಿಟ್ಟು ಗೋಧಿ ರವೆಯ ಉಪ್ಪಿಟ್ಟನ್ನು ಫಲಾಹಾರವೆಂದು ತಿನ್ನುವ ಮನೆಗಳು ಕರ್ನಾಟಕದಲ್ಲಿ ಬಹಳ. ಚಾತುರ್ಮಾಸ್ಯದಲ್ಲಿ ಮಾಧ್ವರು ಎರಡನೆಯ ತಿಂಗಳು ಮೊಸರನ್ನೂ ಮೂರನೆಯ ತಿಂಗಳು ಹಾಲನ್ನೂ ಬಿಡುತ್ತಾರೆ, ಆದರೆ ದಧಿವ್ರತದಲ್ಲಿ ಹಾಲಿಗೂ ಕ್ಷೀರವ್ರತದಲ್ಲಿ ಮೊಸರಿಗೂ ಅಡ್ಡಿಯಿಲ್ಲ. ವ್ರತ ವಸ್ತುವಿನ ರೂಪವನ್ನು ನೋಡಿ ವಿಂಗಡಿಸುತ್ತದೆ, ದೇಹ ಅದರೊಳಗಿನ ಅಂಶವನ್ನು ನೋಡುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರಿಗೆ ಮೊಸರು ಒಗ್ಗಬಹುದು. ಪ್ರೋಟೀನಿನ ಅಲರ್ಜಿಯವರಿಗೆ ಹಾಲು, ಮೊಸರು ಎರಡೂ ಸಲ್ಲವು. ಹುಳಿಗೆ ಬೀಳುವ ಚಿಟಿಕೆ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆತಿರುವುದುಂಟು, ಆದ್ದರಿಂದ ಪೊಟ್ಟಣದ ಬರಹ ಓದದೆ ನೈವೇದ್ಯದ ಅಡುಗೆಯೂ ನಿರಾತಂಕವಲ್ಲ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ ಸ್ವಭಾವತಃ ಗ್ಲುಟೆನ್ ಇಲ್ಲದವು, ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಆ ಗುಣ ಉಳಿಯದು.

ಹಾಲು, ತುಪ್ಪಗಳಿಗೆ ಪೂಜೆಯ ಪಠ್ಯ ಬದಲಿಯನ್ನು ಹೇಳಿಲ್ಲ. ತೆಂಗಿನ ಹಾಲನ್ನು ಪ್ರತಿನಿಧಿಯೆಂದು ಒಪ್ಪಬಹುದೇ ಎಂಬುದರಲ್ಲಿ ಪುರೋಹಿತರು ಭಿನ್ನವಾಗಿ ಹೇಳಿಯಾರು. ಅದು ತೀರ್ಮಾನವಾಗುವವರೆಗೆ ಯಾರೂ ಕಾಯಬೇಕಿಲ್ಲ. ಎಲೆ, ಹೂ, ಹಣ್ಣು, ನೀರು ಭಕ್ತಿಯಿಂದ ಬಂದರೆ ಸಾಕೆಂದು ಗೀತೆಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ನೈವೇದ್ಯಕ್ಕೆ ಇಟ್ಟ ಬಾಳೆಹಣ್ಣುಗಳಲ್ಲಿ ಒಂದನ್ನು ಸಪಾದಕ್ಕೆ ಕಲಸದೆ ಬೇರೆ ತಟ್ಟೆಯಲ್ಲಿಟ್ಟು ಕೊಟ್ಟರೆ ಅದೂ ಪೂರ್ಣ ಪ್ರಸಾದವೇ.