ದೇವರ ಮೇಲೆ ಟ್ವೈನ್ ಹೂಡಿದ ದಾವೆ

1858ರಲ್ಲಿ ಮಿಸಿಸಿಪಿ ನದಿಯಲ್ಲಿ 'ಪೆನ್ಸಿಲ್ವೇನಿಯಾ' ಎಂಬ ಸ್ಟೀಮರ್ ಸಿಡಿಯಿತು. ಸತ್ತವರಲ್ಲಿ ಹೆನ್ರಿ ಕ್ಲೆಮೆನ್ಸ್ ಒಬ್ಬ. ಅವನಿಗೆ ಆ ಸ್ಟೀಮರಿನಲ್ಲಿ ಕೆಲಸ ಕೊಡಿಸಿದ್ದು ಅಣ್ಣ ಸ್ಯಾಮ್ಯುಯೆಲ್, ಮುಂದೆ ಮಾರ್ಕ್ ಟ್ವೈನ್ ಎಂದು ಜಗತ್ತನ್ನೇ ನಗಿಸಿದವನು. ಆ ಸಾವಿನ ಹೊಣೆಯನ್ನು ಆತ ಕಡೆಯವರೆಗೂ ತನ್ನ ಮೇಲೇ ಹೊತ್ತುಕೊಂಡ.

ಕರುಣಾಳು ದೇವರು ಇದನ್ನೆಲ್ಲ ಹೇಗೆ ಸಹಿಸಿದ?

ಪ್ರಶ್ನೆ ಹಳೆಯದೇ. ಆದರೆ ಟ್ವೈನ್ ಬಾಳು ಅದನ್ನು ಮತ್ತೆ ಮತ್ತೆ ಎದುರಿಗಿಟ್ಟಿತು: 1896ರಲ್ಲಿ ಮಗಳು ಸೂಸಿ, 1904ರಲ್ಲಿ ಹೆಂಡತಿ ಒಲಿವಿಯಾ, 1909ರ ಕ್ರಿಸ್‌ಮಸ್ ಹಿಂದಿನ ದಿನ ಇನ್ನೊಬ್ಬ ಮಗಳು ಜೀನ್. ಹಾಗೆಂದು ಆತ ಧರ್ಮದ ಕಡುವೈರಿಯೇನಲ್ಲ. ಜೀವದ ಗೆಳೆಯ ಜೋಸೆಫ್ ಟ್ವಿಚೆಲ್ ಪಾದ್ರಿಯೇ ಆಗಿದ್ದ!

ಹೆಂಡತಿ, ಹೆಣ್ಣುಮಕ್ಕಳ ಸಾವಿಗಿಂತ ಮೊದಲೇ ಅನುಮಾನವಿತ್ತು ಎನ್ನಲು ಆತನ ಕಾದಂಬರಿ 'ಹಕಲ್‌ಬೆರಿ ಫಿನ್' ಸಾಕ್ಷಿ. ಗುಲಾಮ ಜಿಮ್‌ನನ್ನು ಒಡತಿಗೆ ಹಿಡಿದುಕೊಡದಿದ್ದರೆ ಪಾಪವೆಂದೇ ಹಕ್ ಕಲಿತಿದ್ದಾನೆ, ಪೂರಾ ನಂಬಿಯೂ ಇದ್ದಾನೆ. ಆದರೂ ಒಡತಿಗೆ ಸುಳಿವು ಕೊಡಲು ಬರೆದ ಕಾಗದ ಹರಿದು, ನರಕವೇ ಗತಿಯಾಗಲಿ ಎಂದು ತೀರ್ಮಾನಿಸುತ್ತಾನೆ. ಹುಡುಗನ ಎದೆ ಸರಿ, ಊರಿನ ಧರ್ಮ ತಪ್ಪು. ದೇವತಾಶಾಸ್ತ್ರದ ದಪ್ಪ ಹೊತ್ತಿಗೆಗಳಿಗಿಂತ ಈ ಒಂದು ಪ್ರಸಂಗಕ್ಕೆ ತೂಕ ಹೆಚ್ಚು.

ಮನುಷ್ಯ ಬರೀ ಯಂತ್ರವೆಂದು ವಾದಿಸುವ 'ವಾಟ್ ಈಸ್ ಮ್ಯಾನ್?' ಮಾತ್ರ ಒಣಕಲು. 1906ರಲ್ಲಿ ಅದರ 250 ಪ್ರತಿಗಳನ್ನು ಹೆಸರು ಹಾಕದೆ ಅಚ್ಚು ಹಾಕಿಸಿದ.

ಸೈತಾನನ ಬಾಯಲ್ಲಿ ದೇವರನ್ನು ವಿಚಾರಣೆಗೆ ಎಳೆಯುವ 'ಲೆಟರ್ಸ್ ಫ್ರಮ್ ದಿ ಅರ್ಥ್' ಇನ್ನೂ ಖಾರ. ಉಳಿದೊಬ್ಬ ಮಗಳು ಕ್ಲಾರಾ ಅದರ ಪ್ರಕಟಣೆಗೆ ಬಹುಕಾಲ ಒಪ್ಪಿಗೆ ಕೊಡಲಿಲ್ಲ. ಟ್ವೈನ್ ತೀರಿಕೊಂಡಿದ್ದು 1910ರಲ್ಲಿ. ಪುಸ್ತಕ ಹೊರಬಂದಿದ್ದು 1962ರಲ್ಲಿ.