ಹಾಸಿಗೆಯೂ ಕಾಲೂ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸುಳ್ಳಲ್ಲ. ಆದರೆ ಅದು ಆಡುವುದು ಅರ್ಧ ಮಾತನ್ನು ಮಾತ್ರ. ಬೆಳೆಯುವ ಹುಡುಗನ ಕಾಲು ಉದ್ದವಾಗುತ್ತಲೇ ಹೋಗುತ್ತದೆ. ಆಗ ಕಾಲನ್ನು ಮಡಚಬೇಕೋ, ಹಾಸಿಗೆಯನ್ನು ಹಿಗ್ಗಿಸಬೇಕೋ? ಹಿಗ್ಗಿಸುವುದಾದರೆ ಎಷ್ಟು? ಗಾದೆ ಇಲ್ಲಿ ಮೌನವಾಗಿದೆ.

ತುಮಕೂರಿನಿಂದ ಸಿರಾದ ಕಡೆಗೆ ಹೋಗುವ ಹೆದ್ದಾರಿಯ ವಸಂತನರಸಾಪುರ ಇಂದು ಕೈಗಾರಿಕೆಯ ಊರು. ೨೦೧೪ರಲ್ಲಿ ಅಲ್ಲಿ ಫುಡ್ ಪಾರ್ಕ್ ಆರಂಭವಾಯಿತು. ಯಂತ್ರೋಪಕರಣಗಳ ತಯಾರಿಕೆಗೆಂದೇ ಮೀಸಲಾದ ಪಾರ್ಕೂ ಅಲ್ಲಿದೆ. ಅಲ್ಲಿ ಪಾಳಿಯ ಮೇಲೆ ದುಡಿಯುವವರೊಬ್ಬರ ಮಗ ನನ್ನ ವಿದ್ಯಾರ್ಥಿ. “ಸಾರ್, ಲ್ಯಾಪ್‌ಟಾಪಲ್ಲಿ ಗೇಮ್ ನಿಂತು ನಿಂತು ಓಡುತ್ತೆ. ಅಪ್ಪ ಓಟಿ ಮಾಡಿ ದುಡ್ಡು ಕೊಡ್ತೀನಿ ಅಂದವ್ರೆ. ಅಪ್‌ಗ್ರೇಡ್ ಮಾಡಿಸಿದ್ರೆ ತಪ್ಪಾ?” ಎಂದು ಅವನು ಕೇಳಿದ. ಇದು ಯಂತ್ರದ ಪ್ರಶ್ನೆಯಂತೆ ಕಂಡರೂ ಧರ್ಮದ ಪ್ರಶ್ನೆಯೇ ಹೌದು.

ಆಟವೇ ವ್ಯರ್ಥವೆಂದು ತೀರ್ಪು ಕೊಡುವುದು ಸುಲಭ. ನಾನು ಆ ಪಕ್ಷದವನಲ್ಲ. ಚದುರಂಗದ ಮಣೆಗೆ ಮರ್ಯಾದೆ ಕೊಡುವ ನಾವು ಬೆಳಕಿನ ಪರದೆಯ ಆಟವನ್ನು ಮಾತ್ರ ಹಳಿಯುವುದು ನ್ಯಾಯವಲ್ಲ. ಆಡುವುದು ತಪ್ಪಲ್ಲವಾದರೆ ಆಟದ ಸಲಕರಣೆಯೂ ತಪ್ಪಲ್ಲ. ಉಳಿದದ್ದು ಅಳತೆಯ ಪ್ರಶ್ನೆ.

ಅಚ್ಚರಿಯೆಂದರೆ, ಆ ಅಳತೆಯನ್ನು ಯಂತ್ರವೇ ಒಂದಿಷ್ಟು ಕಲಿಸುತ್ತದೆ. ಲ್ಯಾಪ್‌ಟಾಪು ಬಿಸಿಯಾದರೆ ಅದರ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನಿಸುತ್ತದೆ. ಫ್ಯಾನಿನ ಧೂಳನ್ನು ತೆಗೆದು, ಒಣಗಿದ ಪೇಸ್ಟನ್ನು ಹೊಸದಾಗಿ ಹಚ್ಚಿಸಿದರೆ ಕಳೆದುಹೋದ ವೇಗ ಎಷ್ಟೋ ಬಾರಿ ಮರಳುತ್ತದೆ. ಎಂಟು ಜಿಬಿ ರ್‍ಯಾಮ್ ಸಾಲದೆ ತಡವರಿಸುವ ಯಂತ್ರಕ್ಕೆ ಇನ್ನೊಂದು ಎಂಟನ್ನು ಸೇರಿಸಿದರೆ ಉಸಿರು ಬರುತ್ತದೆ. ಎಸ್‌ಎಸ್‌ಡಿ ಹಾಕಿದರೆ ಆಟ ಬೇಗ ತೆರೆದುಕೊಳ್ಳುತ್ತದೆ. ಆದರೆ ಚಿತ್ರದ ಓಟ ಅದರಿಂದ ಹೆಚ್ಚುವುದು ಕಡಮೆ. ಸೆಕೆಂಡಿಗೆ ಐವತ್ತು ಚಿತ್ರ ಬರೆಯುವ ಗ್ರಾಫಿಕ್ಸ್ ಚಿಪ್ಪಿಗೆ ೧೪೪ ಹರ್ಟ್ಸಿನ ಮಾನಿಟರನ್ನು ಜೋಡಿಸಿದರೂ ಕಣ್ಣಿಗೆ ಸಿಗುವುದು ಆ ಐವತ್ತು ಚಿತ್ರಗಳೇ. ಉಳಿದದ್ದಕ್ಕೆ ತೆತ್ತ ಹಣ ಕಣ್ಣಿಗಲ್ಲ, ಹೆಮ್ಮೆಗೆ. ಎಲ್ಲಕ್ಕಿಂತ ದುರ್ಬಲವಾದ ಅಂಗ ಯಾವುದೆಂದು ತಿಳಿಯದೆ ಕೊಳ್ಳುವುದು ಅಗತ್ಯವಲ್ಲ, ಆಸೆ.

ಗ್ರಾಫಿಕ್ಸ್ ಚಿಪ್ಪಾದರೋ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲಾಗದು. ಇಲ್ಲಿ ಹೊಣೆ ಕೊಳ್ಳುವವನದಷ್ಟೇ ಅಲ್ಲ, ಮಾಡುವವನದೂ ಹೌದು. ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ ೨೦೨೩ರಲ್ಲಿ ಪ್ರಕಟಿಸಿದ ಹದಿನಾರು ಅಂಗುಲದ ಲ್ಯಾಪ್‌ಟಾಪಿನಲ್ಲಿ ಆ ಭಾಗವನ್ನೂ ಬಿಚ್ಚಿ ಬದಲಿಸಬಹುದು. ಅಂದರೆ ಬೆಸೆಯುವುದು ವಿಧಿಯಲ್ಲ, ತಯಾರಕನ ಆಯ್ಕೆ. ಒಂದು ಅಂಗ ಹಳತಾದರೆ ಇಡೀ ದೇಹವನ್ನೇ ಎಸೆಯಬೇಕಾದಂತೆ ವಸ್ತುವನ್ನು ಕಟ್ಟುವವನು, ಬಡವನ ಮಿತವ್ಯಯದ ಬಾಗಿಲನ್ನು ಹೊರಗಿನಿಂದ ಮುಚ್ಚುತ್ತಾನೆ. ಎಸೆದದ್ದರ ಗತಿಯೇನು ಎಂಬುದೂ ಈ ಲೆಕ್ಕಕ್ಕೆ ಸೇರಬೇಕು. ೨೦೨೩ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಹಳೆಯ ಬಿಡಿಭಾಗವನ್ನು ಕಸದ ಬುಟ್ಟಿಗೆ ಹಾಕದಿರುವುದು ನಮ್ಮ ಕೆಲಸ.

ಜೈನ ಗೃಹಸ್ಥನ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣ ಎಂಬುದೊಂದಿದೆ. ಎಲ್ಲವನ್ನೂ ಬಿಡೆಂದು ಅದು ಸಂಸಾರಿಗೆ ಹೇಳುವುದಿಲ್ಲ; ಇಷ್ಟು ಸಾಕು ಎಂಬ ಮೇರೆಯನ್ನು ನೀನೇ ಹಾಕಿಕೊ ಎನ್ನುತ್ತದೆ. ಈ ಮೇರೆಯನ್ನು ಮೊದಲೇ ಹಾಕಿಕೊಳ್ಳುವುದರಲ್ಲಿದೆ ಅದರ ಜಾಣ್ಮೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ನಿಂತು ಮೇರೆ ಹಾಕಲು ಹೊರಟರೆ ಅಳತೆಗೋಲು ನಮ್ಮ ಕೈಯಲ್ಲಿರುವುದಿಲ್ಲ. ಅದು ಪಕ್ಕದವನ ಯಂತ್ರವಾಗಿರುತ್ತದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಮೊದಲು ಧೂಳು ತೆಗೆಸು, ಏನು ಕೊರತೆಯೆಂದು ಪರೀಕ್ಷಿಸು, ಆಮೇಲೆ ಬೆಲೆಯನ್ನು ರೂಪಾಯಿಯಲ್ಲಿ ಎಣಿಸದೆ ತಂದೆಯ ಓಟಿಯ ಗಂಟೆಗಳಲ್ಲಿ ಎಣಿಸು. ಅವನೂ ಸುಮ್ಮನಿರಲಿಲ್ಲ. “ನಿಮ್ಮನೇಲಿ ಅಷ್ಟು ಪುಸ್ತಕ ಇದ್ರೂ ಇನ್ನೂ ತಗೊಳ್ತೀರಲ್ಲ ಸಾರ್?” ಎಂದ. ಪ್ರಶ್ನೆ ಯುಕ್ತವೇ. ಪುಸ್ತಕಕ್ಕೂ ಅದೇ ಅಳತೆ ಸಲ್ಲಬೇಕು: ಓದುವುದಕ್ಕೋ, ಕಪಾಟಿಗೋ?

ಹಾಸಿಗೆಯನ್ನು ಹಿಗ್ಗಿಸಬಾರದೆಂದಿಲ್ಲ. ನಮ್ಮ ಕಾಲಿನ ಅಳತೆಗೆ ಹಿಗ್ಗಿಸೋಣ, ಪಕ್ಕದವರ ಕಾಲಿನ ಅಳತೆಗಲ್ಲ. ಅದಕ್ಕೆ ಬೇಕಾದ ಹತ್ತಿಯನ್ನು ಯಾರ ದಿಂಬಿನಿಂದ ಕೀಳುತ್ತಿದ್ದೇವೆ ಎಂಬುದನ್ನೂ ಒಮ್ಮೆ ನೋಡೋಣ.